ತಾತ್ಕಾಲಿಕ ಕೊಠಡಿಗಳು

ಬ್ರಿಟನ್ನಿನ 1944ರ ಶಿಕ್ಷಣ ಕಾಯಿದೆಯ ಫಲವಾಗಿ 1947ರಲ್ಲಿ ಕಡ್ಡಾಯ ಶಿಕ್ಷಣದ ವಯೋಮಿತಿ 14ರಿಂದ 15ಕ್ಕೆ ಏರಿತು. ಯುದ್ಧದಿಂದ ಬಳಲಿದ್ದ ದೇಶದಲ್ಲಿ ಸಾಮಗ್ರಿಗೂ ಕೆಲಸಗಾರರಿಗೂ ಅಭಾವ. ಮೊದಲೇ ಎರಕ ಹೊಯ್ದ ಕಾಂಕ್ರೀಟ್ ಭಾಗಗಳನ್ನು ತಂದು ಶಾಲೆಗಳ ಅಂಗಳದಲ್ಲಿ ಜೋಡಿಸಿದರು. ಈ ಷೆಡ್ಡುಗಳಿಗೆ 'ಹೋರ್ಸಾ' ಎಂದು ಹೆಸರು. ಹೆಚ್ಚಿದ ಮಕ್ಕಳಿಗೆ ಬೇಗ ಸೂರು ದೊರೆಯಿತು. ಅದು ಸಣ್ಣ ಮಾತಲ್ಲ. ಆದರೆ ತಾತ್ಕಾಲಿಕವೆಂದು ಕಟ್ಟಿದ ಅವುಗಳಲ್ಲಿ ಅನೇಕವು ದಶಕಗಳ ಕಾಲ ಅಲ್ಲಿಯೇ ಉಳಿದವು.

ನಾನು ಪಾಠ ಹೇಳಿದ ಶಾಲೆಯೊಂದರ ತಗಡಿನ ಕೊಠಡಿಯೂ 'ಈ ವರ್ಷಕ್ಕೆ ಮಾತ್ರ' ಎಂದೇ ಬಂದಿತ್ತು. ಜೋರು ಮಳೆಯಲ್ಲಿ ನನ್ನ ದನಿ ಮುಂದಿನ ಬೆಂಚನ್ನೂ ತಲುಪುತ್ತಿರಲಿಲ್ಲ. ಅಲ್ಲಿ ಓದಿದ ನಿಮಗೆ ನೆನಪಿರಬಹುದು. ಇಂಥ ಕಟ್ಟಡಗಳು ಬೇಡವೆನ್ನಲಾರೆ. ನಿಲ್ಲಿಸುವ ದಿನವೇ ತೆಗೆಯುವ ದಿನವನ್ನೂ ಬರೆದಿಡಬೇಕು. ಏಕೆಂದರೆ ಮಗುವಿಗೆ ಹತ್ತನೆಯ ತರಗತಿ ಬರುವುದು ಒಂದೇ ಸಲ.