ಎರಡನೆಯ ಸಂಪುಟ

ಗಾಯಕನಿಗೆ ಮೊದಲ ಕೃತಿಗಿಂತ ಎರಡನೆಯದೇ ಕಠಿಣವಾದುದು. ಮೊದಲನೆಯದಕ್ಕೆ ಅದುವರೆಗಿನ ಬಾಳೆಲ್ಲವೂ ಬಂಡವಾಳ. ಎರಡನೆಯದಕ್ಕೆ ಹೊಸದಾಗಿ ದುಡಿಯಬೇಕು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರ ಮೊದಲ ಗೀತಸಂಪುಟವು 2008ರಲ್ಲಿ ಹೊರಬಂದಿತು. 2011ರಲ್ಲಿ ಬ್ರಿಟನ್ನಿನ ಸಾಂಗ್‌ಲೈನ್ಸ್ ಪತ್ರಿಕೆಯು ಅವರ ತಂಡವನ್ನು ಉತ್ತಮ ಹೊಸಬರೆಂದು ಗೌರವಿಸಿತು. ಎರಡನೆಯ ಸಂಪುಟವಾದ ‘ಜಗ್ ಚಂಗಾ’ ಬಂದುದು 2013ರಲ್ಲಿ. ಕೀರ್ತಿ ಕಡಲಾಚೆ ಹಬ್ಬಿದ ಮೇಲೂ ಅವರು ಶಿಶುನಾಳ ಶರೀಫರ (1819–1889) ತತ್ತ್ವಪದಗಳನ್ನು ಬಿಡಲಿಲ್ಲ. ಮೊದಲಿನಂತೆ ಎರಡನೆಯದರಲ್ಲಿಯೂ ಅವುಗಳಿಗೆ ಗಿಟಾರಿನ ಜೊತೆ ಕೂಡಿಸಿದರು.

ಮಂಗಳೂರಿನ ಮನೆಯೊಂದರಲ್ಲಿ ಇದನ್ನು ಕೇಳಿದ ವೃದ್ಧರೊಬ್ಬರು, “ತಂಬೂರಿಯ ಪದಕ್ಕೆ ಇಷ್ಟು ಗದ್ದಲವೇಕೆ? ಹಳೆಯದನ್ನು ಕೆಡಿಸಬಾರದು” ಎಂದು ಆಕ್ಷೇಪಿಸಿದರು. ಅವರ ತಾಯಿ ನೇಜಿ ನೆಡುವಾಗ ಪಾಡ್ದನ ಹಾಡಿದವರು. ಪಾಡ್ದನವಾದರೋ ಊರಿಂದೂರಿಗೆ, ಬಾಯಿಂದ ಬಾಯಿಗೆ ಮಾತು ಬದಲಿಸುತ್ತಲೇ ಬಾಳಿದ ಹಾಡು. “ಅದನ್ನೊಮ್ಮೆ ಹೇಳಿಕೊಡಿ, ಅಜ್ಜ” ಎಂದು ಮೊಮ್ಮಗಳು ಬೇಡಿದಳು. ಮೊದಲ ನುಡಿಯೂ ಅವರಿಗೆ ನೆನಪಾಗಲಿಲ್ಲ. ತಾಯಿಯ ಹಾಡನ್ನು ಕೆಡಿಸಿದವರು ಯಾರೂ ಇರಲಿಲ್ಲ, ಹಾಡಿದವರೂ ಇರಲಿಲ್ಲ.

ವೃದ್ಧರು ಕೆಲಹೊತ್ತು ಸುಮ್ಮನಿದ್ದು, “ಆ ಶರೀಫರ ಪದವನ್ನು ಇನ್ನೊಮ್ಮೆ ಹಾಕು, ಮಗಾ” ಎಂದರು.