ಎಣ್ಣೆ ಕುಡಿದ ನೆಲ

1982ರಲ್ಲಿ ಬಸವಸಾಗರದ ಕಟ್ಟೆ ಮುಗಿದು, ನಾರಾಯಣಪುರದ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಶಹಾಪುರ ಸುರಪುರಗಳ ಎರೆಭೂಮಿಗೆ ಭತ್ತ ಬಂದಿತು. ಭತ್ತದ ಹಿಂದೆ ಟ್ರ್ಯಾಕ್ಟರು, ಡೀಸೆಲ್ ಇಂಜಿನುಗಳೂ ಬಂದವು. ಅವುಗಳ ಹೊಟ್ಟೆಯಿಂದ ಬಸಿದ ಕರಿಯ ಎಣ್ಣೆಯನ್ನು ಎಲ್ಲಿ ಚೆಲ್ಲಬೇಕೆಂಬುದನ್ನು ಮಾತ್ರ ಯಾರೂ ಕಲಿಸಲಿಲ್ಲ.

ಸುರಪುರದ ಬಳಿ ನಮ್ಮ ಸೋದರಮಾವನವರ ಹೊಲದಲ್ಲಿ, ಬಾವಿಯ ಮಗ್ಗುಲಿಗೇ, ಇಂಥ ಎಣ್ಣೆ ಕುಡಿದ ನೆಲವೊಂದುಂಟು. ಮಳೆಯ ನೀರು ಅಲ್ಲಿ ಇಂಗದೆ ಬಣ್ಣಬಣ್ಣವಾಗಿ ನಿಲ್ಲುವುದು, ಗರಿಕೆಯೂ ಹುಟ್ಟದು. ಆ ಮಣ್ಣನ್ನು ಕೆತ್ತಿಸಿ ಹಳ್ಳಕ್ಕೆ ಸುರಿಸಬೇಕೆಂದು ಮಾವನವರ ಯೋಚನೆ. ಹಳ್ಳದ ನೀರನ್ನು ಕೆಳಗಿನ ಊರಿನ ದನಕರುಗಳು ಕುಡಿಯುವುದನ್ನು ನಾವು ನೆನಪಿಗೆ ತಂದೆವು. “ಹಂಗಾದ್ರ ನೀನೇ ಒಂದು ದಾರಿ ಹೇಳಪಾ” ಎಂದರು.

ದಾರಿಯು ಅವರ ಬಣವೆಯಲ್ಲಿಯೇ ಇದೆಯೆಂದು ನಮ್ಮ ನಂಬಿಕೆ. ಕೊಳೆತ ಹುಲ್ಲಿನಲ್ಲಿಯೂ ಮರದ ಬೊಡ್ಡೆಯಲ್ಲಿಯೂ ಬಿಳಿಯ ನೂಲಿನಂತೆ ಹಬ್ಬುವ ಎಳೆಗಳನ್ನು ವಾಚಕರು ಕಂಡಿರಬಹುದು. ಅಣಬೆಯ ನಿಜವಾದ ಒಡಲು ಅದೇ. ಕೊಡೆಯಂತೆ ಮೇಲೇಳುವುದು ಅದರ ಫಲ ಮಾತ್ರ. ಅಣಬೆಗೆ ಹೊಟ್ಟೆಯಿಲ್ಲ. ಅದು ತನ್ನ ಜೀರ್ಣರಸವನ್ನು ಹೊರಗೆ ಸುರಿದು, ಕರಗಿದುದನ್ನು ಹೀರಿಕೊಳ್ಳುವುದು. ಮರವನ್ನು ಗಟ್ಟಿಮಾಡುವ ಲಿಗ್ನಿನ್ ಎಂಬ ವಸ್ತುವನ್ನೇ ಒಡೆಯಬಲ್ಲ ಆ ರಸಕ್ಕೆ ಎಣ್ಣೆಯೊಳಗಿನ ಅನೇಕ ಇಂಗಾಲದ ಕೂಟಗಳೂ ಒಡೆಯುತ್ತವೆ. ಮಣ್ಣಿನಲ್ಲಿ ಸಹಜವಾಗಿರುವ ಆಸ್ಪರ್ಜಿಲಸ್, ಪೆನಿಸಿಲಿಯಂ ಕುಲದ ಕೆಲವು ಬೂಷ್ಟುಗಳಿಗೂ ಎಣ್ಣೆಯು ಆಹಾರವೇ. 1990ರ ದಶಕದ ಕೊನೆಯಲ್ಲಿ ಅಮೆರಿಕೆಯ ಬೆಲ್ಲಿಂಗ್‌ಹ್ಯಾಮ್ ಎಂಬ ಊರಿನಲ್ಲಿ ಪಾಲ್ ಸ್ಟೇಮೆಟ್ಸ್ ಎಂಬವರು ಡೀಸೆಲ್ ನೆಂದ ಮಣ್ಣಿನ ಗುಡ್ಡೆಗೆ ಚಿಪ್ಪಣಬೆಯ ಎಳೆಗಳನ್ನು ಬೆರೆಸಿದರು. ಕೆಲವೇ ವಾರಗಳಲ್ಲಿ ಗುಡ್ಡೆಯ ತುಂಬ ಅಣಬೆಗಳೆದ್ದವು. ಮುಂದೆ ಅದರ ಮೇಲೆ ಗಿಡಗಳೂ ಚಿಗುರಿದವು.

ಈ ಚಿಪ್ಪಣಬೆಯು ಭತ್ತದ ಹುಲ್ಲಿನ ಮೇಲೆ ಸೊಗಸಾಗಿ ಬೆಳೆಯುವಂಥದು. ಆ ಹುಲ್ಲನ್ನು ನಮ್ಮವರು ಗದ್ದೆಯಲ್ಲಿಯೇ ಸುಡುವುದನ್ನು ಕಂಡರೆ ಹೊಟ್ಟೆಯುರಿಯುತ್ತದೆ! ಆದರೆ ನಮ್ಮ ಎರೆಮಣ್ಣು ಅಂಟು, ಅದರಲ್ಲಿ ಗಾಳಿಯಾಡದು. ಯಾದಗಿರಿಯ ಬೇಸಗೆಯಂತೂ ಎಳೆಗಳನ್ನು ಒಣಗಿಸಿಬಿಡುವುದು. ಆದಕಾರಣ ದೀಪಾವಳಿಯ ನಂತರದ ತಂಪಿನಲ್ಲಿ ಮಣ್ಣನ್ನು ಅಗೆದು ತಾಡಪತ್ರಿಯ ಮೇಲೆ ಹರವಿ, ಹೆಂಟೆಯೊಡೆದು, ಅಣಬೆ ಹಬ್ಬಿದ ಹುಲ್ಲನ್ನು ಧಾರಾಳವಾಗಿ ಬೆರೆಸಿ, ನೆರಳು ಮಾಡಿ, ತೇವ ಆರದಂತೆ ನೋಡಿಕೊಳ್ಳಬೇಕು. ಅಣಬೆ ಬೆಳೆಯುವವರು ಬಿಸಾಡುವ ಹಳೆಯ ಹುಲ್ಲೂ ಆಗಬಹುದು. ತಿಂಗಳುಗಟ್ಟಲೆ ಹಿಡಿಯುವ ಕೆಲಸವಿದು.

ಅಲ್ಲಿ ಎದ್ದ ಅಣಬೆಯನ್ನು ಮಾತ್ರ ಗೃಹಿಣಿಯರು ಅಡಿಗೆಮನೆಗೆ ತರಲೇಕೂಡದು. ಸುಟ್ಟ ಎಣ್ಣೆಯಲ್ಲಿ ಸೀಸ, ಸತುವು ಮೊದಲಾದ ಲೋಹಗಳಿರುತ್ತವೆ. ಲೋಹವನ್ನು ಯಾವ ಅಣಬೆಯೂ ಒಡೆಯಲಾರದು. ತನ್ನ ಮೈಯಲ್ಲಿ ತುಂಬಿಕೊಳ್ಳಬಲ್ಲದು, ಅಷ್ಟೇ. ದನಗಳಿಗೂ ಅದನ್ನು ಹಾಕಬಾರದು. ಮಣ್ಣನ್ನು ಪರೀಕ್ಷೆಗೆ ಕೊಟ್ಟು ನೋಡುವವರೆಗೆ ಅಲ್ಲಿ ಕಾಯಿಪಲ್ಯ ಹಾಕದಿರುವುದು ಲೇಸು. ಪಕ್ಕದ ಬಾವಿಯ ನೀರನ್ನೂ ಜೊತೆಗೇ ಪರೀಕ್ಷೆ ಮಾಡಿಸತಕ್ಕದ್ದು.