ಟೊಂಕ ನೋವಿಗೆ ಹಾಸಿಗೆ ಮದ್ದಲ್ಲ

ನಮ್ಮ ಕಡೆ ಟೊಂಕ ನೋವು ಇಲ್ಲದ ಮನೆ ಹುಡುಕುವುದು ಕಷ್ಟ. ಶಹಾಬಾದ್ ಮತ್ತು ಚಿತ್ತಾಪುರದ ಗಣಿಗಳಲ್ಲಿ ಪರ್ಸಿ ಕಲ್ಲು ಎಬ್ಬಿಸುವವರು, ವಾಡಿ ಮತ್ತು ಸೇಡಂನಲ್ಲಿ ಸಿಮೆಂಟ್ ಚೀಲ ಹೊರುವ ಹಮಾಲರು, ಚಿಂಚೋಳಿಯ ಹೊಲಗಳಲ್ಲಿ ದಿನವಿಡೀ ಬಗ್ಗಿ ತೊಗರಿ ಕೊಯ್ಯುವ ಹೆಂಗಸರು, ಎಲ್ಲರದೂ ಒಂದೇ ದೂರು. ಕರಿಹಲಗೆಯ ಮುಂದೆ ನಿಲ್ಲುವ ನನ್ನಂಥ ಮಾಸ್ತರನನ್ನೂ ಅದು ಬಿಟ್ಟಿಲ್ಲ. ವರ್ಷಕ್ಕೆ ಎರಡು ಸಲ ಬರುತ್ತದೆ, ವಾರವಿದ್ದು ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2020ರಲ್ಲಿ ಜಗತ್ತಿನ ಸುಮಾರು 61.9 ಕೋಟಿ ಜನರಿಗೆ ಈ ನೋವಿತ್ತು.

ನೋವಿಗಿಂತ ಹೆಚ್ಚು ಹಾನಿ ಮಾಡುವುದು ಅದರ ಸುತ್ತ ಹುಟ್ಟುವ ಹೆದರಿಕೆ. ನನ್ನ ಒಬ್ಬ ವಿದ್ಯಾರ್ಥಿಯ ತಂದೆ ಕಲ್ಲುಗಣಿಯ ಕೂಲಿ. ಸ್ಕ್ಯಾನ್ ನೋಡಿದವರು ಯಾರೋ "ಮಣಿಗಳ ನಡುವೆ ಗ್ಯಾಪ್ ಬಂದಿದೆ, ಇನ್ನು ಬಗ್ಗಬೇಡ" ಎಂದರಂತೆ. ಆತ ಮೂರು ತಿಂಗಳು ಮಲಗಿದ. ಮನೆಗೆ ಸಾಲ ಬಂತು. ಒಂಬತ್ತನೆಯ ತರಗತಿಯ ಮಗ ಶಾಲೆ ಬಿಟ್ಟು ಕೂಲಿಗೆ ಹೋದ. ಮುಂದೆ ಒಬ್ಬ ಫಿಸಿಯೋಥೆರಪಿಸ್ಟರು ವ್ಯಾಯಾಮ ಕಲಿಸಿದ ಮೇಲೆ ತಂದೆ ಎದ್ದು ಮತ್ತೆ ಕೆಲಸ ಹಿಡಿದ. ಮಗ ಮಾತ್ರ ಶಾಲೆಗೆ ಮರಳಲಿಲ್ಲ.

ಹಾಗಾದರೆ ಈ ನೋವು ಏನು? ಭಾರ ಎತ್ತಿದಾಗ, ಬಹಳ ಹೊತ್ತು ಕುಳಿತಾಗ ಅಥವಾ ಬಗ್ಗಿದಾಗ ಹೆಚ್ಚಾಗಿ, ಭಂಗಿ ಬದಲಿಸಿದಾಗ ಕಡಿಮೆಯಾಗುವ ನೋವನ್ನು ವೈದ್ಯರು ಯಾಂತ್ರಿಕ ಬೆನ್ನುನೋವು ಎನ್ನುತ್ತಾರೆ. ಬೆನ್ನಿನ ಸ್ನಾಯು, ಕೀಲು, ಡಿಸ್ಕ್‌ಗಳ ಮೇಲೆ ಅವುಗಳ ಶಕ್ತಿ ಮೀರಿ ಹೊರೆ ಬಿದ್ದಾಗ ಇದು ಬರುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಬೆನ್ನೆಲುಬು ಮುರಿದೂ ಇರುವುದಿಲ್ಲ, ಜಾರಿಯೂ ಇರುವುದಿಲ್ಲ. ಸ್ಕ್ಯಾನಿನಲ್ಲಿ ಕಾಣುವ "ಸವೆತ" ಹಲವು ಸಲ ತಲೆಗೂದಲು ನರೆತ ಹಾಗೆ, ವಯಸ್ಸಿನ ಗುರುತು ಅಷ್ಟೆ. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಕಲೆಹಾಕಿ 2015ರಲ್ಲಿ ಪ್ರಕಟಿಸಿದ ಒಂದು ವಿಶ್ಲೇಷಣೆಯಲ್ಲಿ, 20 ವರ್ಷದವರಲ್ಲಿ ನೂರಕ್ಕೆ 37 ಮಂದಿಗೆ, 50 ವರ್ಷದವರಲ್ಲಿ ನೂರಕ್ಕೆ 80 ಮಂದಿಗೆ ಡಿಸ್ಕ್ ಸವೆತ ಕಂಡಿತ್ತು.

ಮತ್ತೆ ಮತ್ತೆ ಯಾಕೆ ಬರುತ್ತದೆ? ನೋವು ಬಂದಾಗ ಮಲಗುತ್ತೇವೆ. ಮಲಗಿದಷ್ಟೂ ಸ್ನಾಯುಗಳು ಸೊರಗುತ್ತವೆ. ನೋವು ಹೋದ ಮರುದಿನ, ಸೊರಗಿದ ಅದೇ ಬೆನ್ನಿನ ಮೇಲೆ ಹಳೆಯ ಹೊರೆಯನ್ನೇ ಹಳೆಯ ರೀತಿಯಲ್ಲೇ ಹೊರಿಸುತ್ತೇವೆ. ಎರಡಡಿ ಚದರದ, ಒಂದಿಂಚು ದಪ್ಪದ ಒಂದು ಪರ್ಸಿ ಸುಮಾರು 25 ಕಿಲೋ ತೂಗುತ್ತದೆ. ದಿನಕ್ಕೆ ಅಂಥ ಎಷ್ಟು ಕಲ್ಲು ಎತ್ತುತ್ತಾರೆಂದು ನೀವೇ ಲೆಕ್ಕ ಹಾಕಿ.

ಆದ್ದರಿಂದ ಚಿಕಿತ್ಸೆ ಹಾಸಿಗೆಯಲ್ಲಿಲ್ಲ. ನೋವು ಹೆಚ್ಚಿದ್ದರೆ ಒಂದೆರಡು ದಿನ ಭಾರದ ಕೆಲಸ ಬಿಡಿ, ಬಿಸಿ ಶಾಖ ಕೊಡಿ, ಆದರೆ ಮನೆಯೊಳಗಾದರೂ ನಡೆದಾಡಿ. ಮಾತ್ರೆಗಳನ್ನು ವೈದ್ಯರನ್ನು ಕೇಳಿ, ಕೆಲವೇ ದಿನ ತೆಗೆದುಕೊಳ್ಳಿ. ಔಷಧಿ ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಕೇಡು. ದೀರ್ಘಕಾಲದ ಸೊಂಟನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ವ್ಯಾಯಾಮವನ್ನೂ ತಿಳಿವಳಿಕೆಯನ್ನೂ ಶಿಫಾರಸು ಮಾಡಿದೆ. ಸೊಂಟಕ್ಕೆ ಬೆಲ್ಟ್ ಕಟ್ಟುವುದು, ಸೊಂಟ ಎಳೆಯುವ ಟ್ರ್ಯಾಕ್ಷನ್, ಇವು ಸಾಮಾನ್ಯವಾಗಿ ಬೇಡ ಎಂದಿದೆ.

ಎಲ್ಲಕ್ಕಿಂತ ಅಗ್ಗದ ಮದ್ದು ನಡಿಗೆ. ಆಸ್ಟ್ರೇಲಿಯಾದಲ್ಲಿ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ನೋವಿನಿಂದ ಆಗತಾನೇ ಚೇತರಿಸಿಕೊಂಡಿದ್ದ 701 ಜನರನ್ನು ಗಮನಿಸಲಾಯಿತು. ಮಾರ್ಗದರ್ಶನ ಪಡೆದು, ವಾರಕ್ಕೆ ಐದು ದಿನ ಅರ್ಧ ಗಂಟೆ ನಡೆಯುವ ಗುರಿಯತ್ತ ಹಂತಹಂತವಾಗಿ ಸಾಗಿದವರಲ್ಲಿ ನೋವು ಮರಳಲು ಸುಮಾರು 208 ದಿನ ಹಿಡಿಯಿತು. ಉಳಿದವರಲ್ಲಿ 112 ದಿನ. ನಡಿಗೆಯ ಜೊತೆ, ಅಂಗಾತ ಮಲಗಿ ಮೊಣಕಾಲು ಮಡಿಸಿ ಸೊಂಟವನ್ನು ಮೆಲ್ಲಗೆ ಎತ್ತಿ ಇಳಿಸುವಂಥ ಸರಳ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟರಿಂದ ಕಲಿಯಿರಿ.

ಎತ್ತುವ ರೀತಿಯನ್ನೂ ಬದಲಿಸಿ. ಹೊರೆ ಮೈಗೆ ಹತ್ತಿರವಿರಲಿ. ಭಾರ ಹಿಡಿದುಕೊಂಡು ಸೊಂಟ ತಿರುಚದೆ ಪಾದಗಳನ್ನೇ ತಿರುಗಿಸಿ. ದೊಡ್ಡ ಪರ್ಸಿಯನ್ನು ಇಬ್ಬರು ಎತ್ತಲಿ. ತುಂಬಿದ ಒಂದು ದೊಡ್ಡ ಕೊಡದ ಬದಲು ಎರಡು ಸಣ್ಣ ಕೊಡ ಸಾಕು. ರೊಟ್ಟಿ ಬಡಿಯುವವರು ನಡುನಡುವೆ ಎದ್ದು ನಾಲ್ಕು ಹೆಜ್ಜೆ ಹಾಕಲಿ.

ನಮಾಝಿನ ಬಗ್ಗೆ ಹಲವರು ಕೇಳುತ್ತಾರೆ. ನಿಲ್ಲಲಾಗದವರಿಗೆ ಕುಳಿತು, ಕೂರಲಾಗದವರಿಗೆ ಮಲಗಿ ನಿರ್ವಹಿಸುವ ರಿಯಾಯಿತಿ ಇದೆ. ನೋವಿನ ದಿನಗಳಲ್ಲಿ ಸಂಕೋಚವಿಲ್ಲದೆ ಬಳಸಿಕೊಳ್ಳಿ. ಆದರೆ ನೋವು ಇಳಿದ ಮೇಲೆಯೂ ಬಗ್ಗಿದರೆ ಬೆನ್ನು ಕೆಡುತ್ತದೆಂಬ ಭಯದಿಂದ ಕುರ್ಚಿಯಲ್ಲೇ ಉಳಿಯಬೇಕಿಲ್ಲ. ನಿಧಾನವಾಗಿ ರುಕೂ, ಸುಜೂದ್‌ಗೆ ಮರಳಬಹುದು.

ಕೆಲವು ಲಕ್ಷಣಗಳಿದ್ದರೆ ಮಾತ್ರ ತಡಮಾಡಬಾರದು. ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಗಳ ನಡುವೆ ಮರಗಟ್ಟಿದರೆ, ಕಾಲಿನ ಶಕ್ತಿ ಕುಂದಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಜ್ವರ, ತೂಕ ಇಳಿಕೆ, ಮಲಗಿದರೂ ಬಿಡದ ರಾತ್ರಿ ನೋವು, ಬಿದ್ದು ಪೆಟ್ಟಾದ ನಂತರದ ನೋವು, ಇವಕ್ಕೂ ವೈದ್ಯರ ತಪಾಸಣೆ ಬೇಕು. ಬೆನ್ನೆಲುಬಿನ ಕ್ಷಯವೂ ಹೀಗೆ ಶುರುವಾಗಬಹುದು.

ಉಳಿದಂತೆ ಧೈರ್ಯವೇ ಅರ್ಧ ಔಷಧಿ. ನಿಮ್ಮ ಮನೆಯಲ್ಲಿ ಯಾರಿಗಾದರೂ ಟೊಂಕ ಹಿಡಿದರೆ "ಏಳಬೇಡ, ಮಲಗಿರು" ಎನ್ನಬೇಡಿ. ಸಂಜೆ ಅವರ ಕೈ ಹಿಡಿದು ಓಣಿಯ ತುದಿಯವರೆಗೆ ನಡೆಸಿಕೊಂಡು ಬನ್ನಿ. ದುಡಿಯುವ ತಂದೆ ಬೇಗ ಎದ್ದು ನಿಂತರೆ, ಮಗನ ಪಾಟೀಚೀಲ ಗೂಟಕ್ಕೆ ಬೀಳುವುದು ತಪ್ಪುತ್ತದೆ.